ಅಮೆರಿಕದ ಮಸಲ್ ಕಾರುಗಳು: ಎಷ್ಟು ಉಳಿದಿವೆ?

ಮಧ್ಯಮ ಗಾತ್ರದ, ಎರಡು ಬಾಗಿಲಿನ, ಸಾಧಾರಣ ಬೆಲೆಯ ಅಮೆರಿಕನ್ ಕಾರಿಗೆ ದೊಡ್ಡ ಕಾರಿನ ವಿ-8 ಎಂಜಿನ್ ಕೂರಿಸಿ ಮಾರಿದ ವಾಹನಕ್ಕೆ ಮಸಲ್ ಕಾರು ಎಂದು ಹೆಸರು. 1964ರಲ್ಲಿ ಪಾಂಟಿಯಾಕ್ ಜಿಟಿಒ ಬಂದಲ್ಲಿಂದ 1974ರವರೆಗಿನ ಅವಧಿಯನ್ನು ಇದರ ಕಾಲವೆಂದು ಎಣಿಸುವುದು ರೂಢಿ. ಆ ವರ್ಷಗಳಲ್ಲಿ ಡೆಟ್ರಾಯಿಟ್‌ನ ಕಂಪನಿಗಳು ಇಂಥ ಕಾರುಗಳನ್ನು ಲಕ್ಷಗಟ್ಟಲೆ ತಯಾರಿಸಿದವು. ಅವುಗಳಲ್ಲಿ ಇಂದು ಎಷ್ಟು ಉಳಿದಿವೆ ಎಂಬುದಕ್ಕೆ ಒಟ್ಟಾರೆಯಾದ ಒಂದು ಅಂಕಿ ಯಾರ ಬಳಿಯೂ ಇಲ್ಲ. ಕೆಲವು ಮಾದರಿಗಳಲ್ಲಿ ಒಂದೊಂದು ಕಾರಿನ ಜಾತಕವೂ ಸಿಗುತ್ತದೆ. ಇನ್ನು ಕೆಲವುಗಳಲ್ಲಿ ಎಷ್ಟು ತಯಾರಾದವು ಎಂಬುದರಾಚೆಗೆ ಕೈಗೆ ಹತ್ತುವುದೇನೂ ಇಲ್ಲ. ಬೆರಳೆಣಿಕೆಯಷ್ಟು ತಯಾರಾದ ಕಾರುಗಳು ಬಹುಪಾಲು ಉಳಿದುಕೊಂಡಿವೆ; ಬೀದಿಬೀದಿಯಲ್ಲಿ ಓಡಾಡುತ್ತಿದ್ದ ಕಾರುಗಳು ಬಹುಪಾಲು ಗುಜರಿ ಸೇರಿವೆ. ಯಾವುದು ಉಳಿಯಿತು, ಯಾವುದು ಉಳಿಯಲಿಲ್ಲ ಎಂಬುದನ್ನು ತಗಡಿನ ಗಟ್ಟಿತನಕ್ಕಿಂತ ಹೆಚ್ಚಾಗಿ ಕಾಗದಪತ್ರ ನಿರ್ಧರಿಸಿದೆ.

ತಯಾರಾದದ್ದು ಎಷ್ಟು

ಜನರಲ್ ಮೋಟರ್ಸ್ ಕಂಪನಿಯಲ್ಲಿ ಆಗ ಒಂದು ಕಟ್ಟುಪಾಡಿತ್ತು. ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಹಾಕುವಂತಿಲ್ಲ. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ಸಂಗಡಿಗರು ಇದಕ್ಕೊಂದು ಒಳದಾರಿ ಹುಡುಕಿದರು. ಹೊಸ ಕಾರನ್ನೇ ಘೋಷಿಸದೆ, ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ 300 ಡಾಲರಿಗೂ ಕಡಿಮೆ ಬೆಲೆಯ ಹೆಚ್ಚುವರಿ ಸೌಲಭ್ಯವೆಂಬ ಹೆಸರಿನಲ್ಲಿ 389 ಘನ ಅಂಗುಲದ ಎಂಜಿನ್ ತೂರಿಸಿದರು. ಮೊದಲ ವರ್ಷ 32,450 ಜಿಟಿಒಗಳು ಮಾರಾಟವಾದವು, 1966ರಲ್ಲಿ 96,946. ಹತ್ತು ವರ್ಷದ ಲೆಕ್ಕ ಒಟ್ಟು ಹಾಕಿದರೆ ಜಿಟಿಒ ಒಂದೇ ಐದು ಲಕ್ಷ ದಾಟುತ್ತದೆ. ಇದನ್ನು ನೋಡಿ ಉಳಿದವರೂ ಕಣಕ್ಕಿಳಿದರು. ಷೆವ್ರೊಲೆ ಕಂಪನಿಯ ಷೆವೆಲ್ ಎಸ್‌ಎಸ್ 396 ಕಾರು 1969ರಲ್ಲಿ 86,307ರಷ್ಟು ತಯಾರಾಗಿ ಜಿಟಿಒವನ್ನು ಹಿಂದಿಕ್ಕಿತು. ಅದೇ ವರ್ಷ ಪ್ಲಿಮತ್ ರೋಡ್ ರನ್ನರ್ 80,000 ದಾಟಿತು, ಡಾಡ್ಜ್ ಚಾರ್ಜರ್ ಸುಮಾರು 89,000 ಮುಟ್ಟಿತು.

ಆದರೆ ಚಾರ್ಜರ್‌ಗಳೆಲ್ಲ ಮಸಲ್ ಕಾರುಗಳಲ್ಲ. ಸಣ್ಣ ಎಂಜಿನ್ ಹಾಕಿಸಿಕೊಂಡು ಕಚೇರಿಗೆ ಹೋಗಿಬರುತ್ತಿದ್ದ ಚಾರ್ಜರ್‌ಗಳೂ ಬೇಕಾದಷ್ಟಿದ್ದವು. ಫೋರ್ಡ್ ಕಂಪನಿಯ ಮಸ್ಟಾಂಗ್ ವಿಷಯ ಇನ್ನೂ ಗೋಜಲು. 1965ರ ಮಾದರಿಯೆಂದು ತಯಾರಾದ 6.8 ಲಕ್ಷ ಮಸ್ಟಾಂಗ್‌ಗಳಲ್ಲಿ ದೊಡ್ಡ ಪಾಲು ಆರು ಸಿಲಿಂಡರಿನ ಅಥವಾ ಮಾಮೂಲಿ ವಿ-8 ಎಂಜಿನ್ನಿನ ಕಾರುಗಳು. ಮಸ್ಟಾಂಗ್, ಕ್ಯಾಮರೊ, ಬ್ಯಾರಕೂಡಾಗಳು ಪೋನಿ ಕಾರುಗಳೇ ಹೊರತು ಮಸಲ್ ಕಾರುಗಳಲ್ಲ ಎನ್ನುವ ಮಡಿವಂತರೂ ಇದ್ದಾರೆ. ಈ ಲೇಖನದಲ್ಲಿ ಮೈಕಟ್ಟಿಗಿಂತ ಎಂಜಿನ್ನಿಗೆ ಮಹತ್ವ ಕೊಟ್ಟು, ಬಾಸ್ 429 ಮಸ್ಟಾಂಗ್‌ನಂಥವನ್ನು ಸೇರಿಸಿಕೊಂಡಿದೆ, ಆರು ಸಿಲಿಂಡರಿನವನ್ನು ಬಿಟ್ಟಿದೆ. ಹರಾಜು ಮಾರುಕಟ್ಟೆ ಮಾಡುವುದೂ ಇದನ್ನೇ.

ನಾಶವಾದ ಬಗೆ

ಈ ಕಾರುಗಳನ್ನು ಕೊಂಡವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು. ಶನಿವಾರ ರಾತ್ರಿ ದೀಪದ ಕಂಬದಿಂದ ದೀಪದ ಕಂಬಕ್ಕೆ ಪಂದ್ಯ, ಭಾನುವಾರ ಡ್ರ್ಯಾಗ್ ಸ್ಟ್ರಿಪ್ಪಿನಲ್ಲಿ ಕಾಲು ಮೈಲಿಯ ಓಟ. 400 ಅಶ್ವಶಕ್ತಿಯ ಎಂಜಿನ್ನಿಗೆ ಹಲವು ಕಾರುಗಳಲ್ಲಿ ಸಿಕ್ಕಿದ್ದು ಡ್ರಮ್ ಬ್ರೇಕ್, ಸಪೂರ ಟೈರು. ಮರಕ್ಕೆ ಗುದ್ದಿದವು, ಕಂಬಕ್ಕೆ ಸುತ್ತಿಕೊಂಡವು, ಎಂಜಿನ್ ಸಿಡಿದು ಹಿತ್ತಲಲ್ಲಿ ನಿಂತವು. ಕಾರ್ಖಾನೆಯಿಂದ ಬಂದ ಎಂಜಿನ್ ಒಡೆದರೆ ಬೇರೊಂದನ್ನು ತಂದು ಕೂರಿಸುವುದು ಆಗ ಯಾರಿಗೂ ದೊಡ್ಡ ಸಂಗತಿಯಾಗಿರಲಿಲ್ಲ. ಎಂಜಿನ್ನಿನ ಮೇಲಿನ ಸಂಖ್ಯೆಗೆ ಮುಂದೊಂದು ದಿನ ಲಕ್ಷಾಂತರ ಡಾಲರಿನ ಬೆಲೆ ಬರುತ್ತದೆಂದು ಯಾವ ಮೆಕ್ಯಾನಿಕ್ಕಿಗೂ ಗೊತ್ತಿರಲಿಲ್ಲ.

1970ರ ಹೊತ್ತಿಗೆ ವಿಮಾ ಕಂಪನಿಗಳು ಕಣ್ಣುಬಿಟ್ಟವು. ಹೆಚ್ಚು ಅಶ್ವಶಕ್ತಿಯ ಕಾರು ಇಟ್ಟುಕೊಂಡ ಯುವಕರಿಗೆ ಕಂತಿನ ಹಣ ಮಿತಿಮೀರಿ ಏರಿತು. ಅದೇ ವರ್ಷ ಶುದ್ಧ ಗಾಳಿ ಕಾಯಿದೆ ಬಂತು. ಸೀಸ ಕಡಿಮೆಯಿರುವ ಪೆಟ್ರೋಲಿಗೆ ಒಗ್ಗಲೆಂದು 1971ರಲ್ಲಿ ಎಂಜಿನ್ನುಗಳ ಸಂಪೀಡನ ಅನುಪಾತವನ್ನು ಇಳಿಸಲಾಯಿತು. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ನಿಲ್ಲಿಸಿದ ಮೇಲೆ, ಗ್ಯಾಲನ್ನಿಗೆ ಹತ್ತು ಮೈಲಿ ಓಡುವ ಹಳೆಯ ಕಾರು ಯಾರಿಗೂ ಬೇಡವಾಯಿತು. ಜಿಟಿಒ ಮಾರಾಟ 1969ರಲ್ಲಿ 72,287 ಇದ್ದದ್ದು 1972ರಲ್ಲಿ 5,811ಕ್ಕೆ ಕುಸಿಯಿತು. ಹೊಸದಕ್ಕೇ ಈ ಗತಿಯಾದರೆ ಐದು ವರ್ಷ ಹಳೆಯದರ ಪಾಡು ಊಹಿಸಬಹುದು. ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ಕೆಲವು ನೂರು ಡಾಲರಿಗೆ ಕೈ ಬದಲಾಯಿಸಿ, ಮತ್ತೊಬ್ಬ ಹುಡುಗನ ಕೈಯಲ್ಲಿ ಹಣ್ಣಾಗಿ, ಕಡೆಗೆ ಶ್ರೆಡರ್ ಯಂತ್ರದ ಬಾಯಿಗೆ ಬಿದ್ದ ಕಾರುಗಳಿಗೆ ಲೆಕ್ಕವಿಲ್ಲ. ಇಡೀ ಕಾರನ್ನು ನಿಮಿಷದೊಳಗೆ ಮುಷ್ಟಿಗಾತ್ರದ ಚೂರುಗಳಾಗಿಸುವ ಈ ಯಂತ್ರಗಳು ಅಮೆರಿಕದ ಗುಜರಿ ಅಂಗಳಗಳಿಗೆ ಬಂದದ್ದೂ ಅರವತ್ತರ ದಶಕದಲ್ಲೇ.

ಅಪಘಾತ, ಪಂದ್ಯ ಎರಡನ್ನೂ ದಾಟಿ ಬಂದ ಕಾರನ್ನು ತಿಂದದ್ದು ತುಕ್ಕು. ಮಿಷಿಗನ್, ಒಹಾಯೊ, ನ್ಯೂಯಾರ್ಕ್ ಕಡೆ ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಿಸಲು ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಹಿಂಬದಿಯ ಚಕ್ರದ ಮೇಲಿನ ತಗಡು, ಡಿಕ್ಕಿಯ ತಳ, ಬಾಗಿಲಿನ ಕೆಳಅಂಚುಗಳನ್ನು ಏಳೆಂಟು ವರ್ಷದಲ್ಲಿ ಜರಡಿ ಮಾಡುತ್ತಿತ್ತು. ಕ್ರೈಸ್ಲರ್ ಕಂಪನಿಯ ಡಾಡ್ಜ್, ಪ್ಲಿಮತ್ ಕಾರುಗಳಲ್ಲಿ ಮೈ ಮತ್ತು ಚೌಕಟ್ಟು ಬೇರೆಬೇರೆಯಲ್ಲ, ಒಂದೇ ಬೆಸುಗೆಯ ಪೆಟ್ಟಿಗೆ. ಆದ್ದರಿಂದ ತಳದ ತೊಲೆ ಕೊಳೆತರೆ ಕಾರಿನ ಕಥೆ ಮುಗಿದಂತೆ. ಆ ಕಾಲದ ಶೋಕಿಯಾದ ವಿನೈಲ್ ಚಾವಣಿ ಇನ್ನೊಂದು ಶತ್ರು. ಹೊದಿಕೆಯಡಿ ಸೇರಿದ ತೇವ ಆರುವುದೇ ಇಲ್ಲ. ಮೇಲಿನಿಂದ ಹೊಳೆಯುತ್ತಿರುವ ಚಾವಣಿಯಡಿ ತಗಡು ಪುಡಿಪುಡಿಯಾಗಿರುತ್ತದೆ. ಅರಿಜೋನಾ, ನ್ಯೂ ಮೆಕ್ಸಿಕೊ, ಕ್ಯಾಲಿಫೋರ್ನಿಯಾಗಳ ಒಣಹವೆಯಲ್ಲಿ ನಿಂತ ಕಾರಿನ ಬಣ್ಣ ಸುಟ್ಟು ಸೀಟು ಸೀಳಿದರೂ ತಗಡು ಗಟ್ಟಿಯಾಗಿರುತ್ತದೆ. ಮಾರಾಟದ ಜಾಹೀರಾತಿನಲ್ಲಿ ಅರಿಜೋನಾದ ಕಾರು ಎಂದು ಬರೆದರೆ ಬೆಲೆ ಏರುವುದು ಇದಕ್ಕೇ.

ಟಿವಿ ಮತ್ತು ಸಿನಿಮಾಗಳೂ ತಮ್ಮ ಪಾಲು ಪಡೆದವು. 1979ರಿಂದ 1985ರವರೆಗೆ ಪ್ರಸಾರವಾದ 'ದಿ ಡ್ಯೂಕ್ಸ್ ಆಫ್ ಹ್ಯಾಜರ್ಡ್' ಧಾರಾವಾಹಿಯಲ್ಲಿ ಕಿತ್ತಳೆ ಬಣ್ಣದ ಚಾರ್ಜರ್ ವಾರವಾರವೂ ಹಳ್ಳ ಹಾರುತ್ತಿತ್ತು. ಅಷ್ಟೆತ್ತರದಿಂದ ನೆಲಕ್ಕೆ ಬಿದ್ದ ಕಾರಿನ ಬೆನ್ನು ಬಾಗುತ್ತದೆ, ಮತ್ತೆ ಓಡಿಸಲಾಗದು. ಹೀಗೆ ಮುಗಿದ ಚಾರ್ಜರ್‌ಗಳು ಮುನ್ನೂರರ ಆಸುಪಾಸು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಕೊನೆಕೊನೆಗೆ ಚಾರ್ಜರ್ ಸಿಗುವುದೇ ಕಷ್ಟವಾಗಿ ಪುಟ್ಟ ಪ್ರತಿಕೃತಿಗಳನ್ನು ಹಾರಿಸಿ ಚಿತ್ರೀಕರಿಸಿದರು. ಸುಮಾರು 89,000 ಚಾರ್ಜರ್ ತಯಾರಾದ ವರ್ಷವೊಂದರ ಮುಂದೆ ಮುನ್ನೂರು ದೊಡ್ಡ ಸಂಖ್ಯೆಯಲ್ಲ. ಚಾರ್ಜರ್ ಅಳಿದದ್ದೇ ಈ ಧಾರಾವಾಹಿಯಿಂದ ಎಂಬ ಮಾತು ಅತಿಶಯ. ಅದೇ ಧಾರಾವಾಹಿಯ ಅಭಿಮಾನಿಗಳು ಕಿತ್ತಳೆ ಬಣ್ಣ ಬಳಿಯಲೆಂದೇ ಗುಜರಿ ಅಂಗಳಗಳಿಂದ ಎಳೆದು ತಂದ ಚಾರ್ಜರ್‌ಗಳೂ ಇವೆ. ಸಿನಿಮಾದವರು ಕೆಲವೊಮ್ಮೆ ಕೈ ಬಿಗಿಹಿಡಿದದ್ದೂ ಉಂಟು: 1971ರ 'ವ್ಯಾನಿಷಿಂಗ್ ಪಾಯಿಂಟ್' ಚಿತ್ರದ ಕೊನೆಯಲ್ಲಿ ಸಿಡಿಯುವುದು ಬಿಳಿ ಡಾಡ್ಜ್ ಚಾಲೆಂಜರ್ ಎಂದು ಪ್ರೇಕ್ಷಕ ನಂಬುತ್ತಾನೆ, ನಿಜಕ್ಕೂ ಸಿಡಿದದ್ದು ಒಂದು 1967ರ ಕ್ಯಾಮರೊ.

ಸರ್ಕಾರಿ ಗುಜರಿ ಯೋಜನೆಗಳ ಬಗ್ಗೆಯೂ ಒಂದು ತಪ್ಪು ನಂಬಿಕೆ ಇದೆ. 2009ರಲ್ಲಿ ಅಮೆರಿಕ ಸರ್ಕಾರ ಹಳೆಯ ವಾಹನಗಳಿಗೆ ಹಣ ಕೊಟ್ಟು ಏಳು ಲಕ್ಷದ ಹತ್ತಿರ ಹತ್ತಿರ ಕಾರುಗಳ ಎಂಜಿನ್ನಿಗೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು ಕೆಡಿಸಿತು. ಮಸಲ್ ಕಾರುಗಳು ಮುಗಿದದ್ದು ಆಗಲೇ ಎಂದು ಹೇಳುವವರಿದ್ದಾರೆ. ಆ ಯೋಜನೆಗೆ ಅರ್ಹವಾಗಿದ್ದದ್ದು 25 ವರ್ಷದೊಳಗಿನ ವಾಹನ ಮಾತ್ರ, ಅರವತ್ತರ ದಶಕದ ಕಾರನ್ನು ಒಯ್ದರೂ ತೆಗೆದುಕೊಳ್ಳುತ್ತಿರಲಿಲ್ಲ. ನಿಜವಾಗಿ ಪೆಟ್ಟು ಕೊಟ್ಟದ್ದು 1990ರಲ್ಲಿ ಲಾಸ್ ಏಂಜಲಿಸ್ ಪ್ರದೇಶದಲ್ಲಿ ಯುನೊಕ್ಯಾಲ್ ತೈಲ ಕಂಪನಿ ನಡೆಸಿದ ಖರೀದಿ. ವಾಯುಮಾಲಿನ್ಯ ತಗ್ಗಿಸುವ ಹೆಸರಿನಲ್ಲಿ 1971ಕ್ಕಿಂತ ಹಳೆಯ ಕಾರಿಗೆ ತಲಾ 700 ಡಾಲರ್ ಕೊಟ್ಟು 8,000ಕ್ಕೂ ಹೆಚ್ಚು ಕಾರುಗಳನ್ನು ಅದು ಪುಡಿಮಾಡಿಸಿತು. ಅವುಗಳಲ್ಲಿ ಮಸಲ್ ಕಾರುಗಳಿಗಿಂತ ಮಾಮೂಲಿ ಸಂಸಾರದ ಕಾರುಗಳೇ ಹೆಚ್ಚಿದ್ದಿರಬೇಕು. ಆದರೂ ತುಕ್ಕಿಲ್ಲದ ಕ್ಯಾಲಿಫೋರ್ನಿಯಾದ ತಗಡು, ಬಾಗಿಲು, ಬಂಪರುಗಳು ಅಷ್ಟು ಪ್ರಮಾಣದಲ್ಲಿ ಒಟ್ಟಿಗೆ ಹೋದದ್ದು ಸಣ್ಣ ನಷ್ಟವಲ್ಲ.

ಕಾಗದದ ಬಲ

1981ಕ್ಕೆ ಮುಂಚೆ ಅಮೆರಿಕದಲ್ಲಿ ವಾಹನದ ಗುರುತಿನ ಸಂಖ್ಯೆಗೆ ಏಕರೂಪ ಇರಲಿಲ್ಲ. ಒಂದೊಂದು ಕಂಪನಿಯದು ಒಂದೊಂದು ಬಗೆ. ನೋಂದಣಿ ರಾಜ್ಯಗಳ ಕೈಯಲ್ಲಿದೆ. ವರ್ಷಗಟ್ಟಲೆ ನವೀಕರಿಸದ ಕಾರಿನ ಹೆಸರು ಕಡತದಿಂದ ಬಿದ್ದುಹೋಗುತ್ತದೆ, ಕಾರು ಮಾತ್ರ ಕೊಟ್ಟಿಗೆಯಲ್ಲಿ ಹಾಗೇ ನಿಂತಿರುತ್ತದೆ. ಸರ್ಕಾರಿ ಕಡತ ಎಣಿಸಿ ಉತ್ತರ ಪಡೆಯುವುದು ಆಗದ ಮಾತಾದ್ದರಿಂದ ಎಣಿಕೆಯ ಭಾರ ಕಾರ್ಖಾನೆಯ ದಾಖಲೆ ಮತ್ತು ಹವ್ಯಾಸಿಗಳ ನೋಂದಣಿ ಪುಸ್ತಕಗಳ ಮೇಲೆ ಬಿದ್ದಿದೆ. ಕಾರ್ಖಾನೆಯ ದಾಖಲೆಯ ವಿಷಯದಲ್ಲಿ ಕಂಪನಿ ಕಂಪನಿಗೂ ಅಜಗಜಾಂತರ.

ಫೋರ್ಡ್ ಕಾರು ಕೊಂಡವರು ಪುಣ್ಯವಂತರು. 1967ರ ಮಾದರಿಯಿಂದ ಮುಂದಕ್ಕೆ ಫೋರ್ಡ್ ತಯಾರಿಸಿದ ಒಂದೊಂದು ಕಾರಿನ ವಿವರವೂ ಉಳಿದಿದೆ, ಮಾರ್ಟಿ ಆಟೊ ವರ್ಕ್ಸ್ ಎಂಬ ಸಂಸ್ಥೆ ಅದರ ಪರವಾನಗಿ ಪಡೆದು ವರದಿ ಕೊಡುತ್ತದೆ. ಯಾವ ದಿನ ತಯಾರಾಯಿತು, ಯಾವ ಡೀಲರಿಗೆ ಹೋಯಿತು, ಯಾವ ಬಣ್ಣ, ಯಾವ ಗೇರು, ರೇಡಿಯೊ ಇತ್ತೇ ಇಲ್ಲವೇ ಎಲ್ಲವೂ ಅದರಲ್ಲಿರುತ್ತದೆ. ಪಾಂಟಿಯಾಕ್‌ನವರಿಗೂ ಚಿಂತೆಯಿಲ್ಲ. 1961ರಿಂದ 1986ರವರೆಗಿನ ಮೂಲ ಬಿಲ್ಲುಗಳು ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಬಳಿ ಸುರಕ್ಷಿತವಾಗಿವೆ. 1964 ಮತ್ತು 1965ರ ಜಿಟಿಒ ಕಾರುಗಳಿಗೆ ಇದು ಜೀವಾಳ, ಏಕೆಂದರೆ ಆ ಎರಡು ವರ್ಷ ಜಿಟಿಒ ಬರೀ ಹೆಚ್ಚುವರಿ ಸೌಲಭ್ಯ. ಗುರುತಿನ ಸಂಖ್ಯೆ ನೋಡಿದರೆ ಅದು ಲೆಮಾನ್ಸ್ ಎಂದಷ್ಟೇ ತಿಳಿಯುತ್ತದೆ. 1966ರಿಂದ ಸಂಖ್ಯೆ 242 ಎಂದು ಶುರುವಾದರೆ ಜಿಟಿಒ ಎಂದು ಕಣ್ಣುಮುಚ್ಚಿ ಹೇಳಬಹುದು. 1972ರಲ್ಲಿ ಮತ್ತೆ ಹಳೇ ಕಥೆ.

ಕ್ರೈಸ್ಲರ್ ಕಂಪನಿಯ ಕಡತಗಳು 1967ರ ಮಾದರಿಗೆ ನಿಂತುಹೋಗಿವೆ. ಮಸಲ್ ಕಾರುಗಳ ಉಚ್ಛ್ರಾಯದ ವರ್ಷಗಳು ಅದರ ನಂತರದವು. ಹಾಗಾಗಿ 1968ರಿಂದ 1971ರ ಡಾಡ್ಜ್ ಮತ್ತು ಪ್ಲಿಮತ್ ಕಾರುಗಳ ಸಾಕ್ಷಿಯೆಲ್ಲ ಕಾರಿನ ಮೈಮೇಲೇ ಇರಬೇಕು. ಮೊದಲ ಸಾಕ್ಷಿ ಬಾನೆಟ್ ಎತ್ತಿದರೆ ಎಡಗಡೆ ಒಳಫೆಂಡರಿಗೆ ಸ್ಕ್ರೂ ಹಾಕಿ ಕೂರಿಸಿದ ಕೈಯಗಲದ ತಗಡಿನ ಪಟ್ಟಿ. ಅದರ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಸಾಲಿನಲ್ಲಿ ಇ74 ಎಂದಿದ್ದರೆ ಎಂಜಿನ್ 426 ಘನ ಅಂಗುಲದ ಹೆಮಿ, ಇ87 ಎಂದಿದ್ದರೆ ಮೂರು ಕಾರ್ಬ್ಯುರೇಟರಿನ 440. ಮೇಲಿನ ಸಾಲುಗಳಲ್ಲಿ ಬಣ್ಣ, ಸೀಟಿನ ಬಟ್ಟೆ, ಪಟ್ಟೆಗಳ ಸಂಕೇತ. ಎರಡು ಸ್ಕ್ರೂ ಬಿಚ್ಚಿದರೆ ಕೈಗೆ ಬರುವ ಈ ಪಟ್ಟಿ ಕಾರಿನ ಬೆಲೆಯನ್ನು ಹತ್ತು ಪಟ್ಟು ಏರಿಸಬಲ್ಲದು, ಅಂದಮೇಲೆ ಅದಕ್ಕೆ ಏನೇನಾಗಿದೆ ಎಂದು ಬಿಡಿಸಿ ಹೇಳಬೇಕಿಲ್ಲ. ಎರಡನೆಯ ಸಾಕ್ಷಿ ಕಾರ್ಮಿಕರು ಕೆಲಸದ ವೇಳೆ ನೋಡಿಕೊಳ್ಳುತ್ತಿದ್ದ ಜೋಡಣೆ ಹಾಳೆ. ಕೆಲಸ ಮುಗಿದ ಮೇಲೆ ಅದನ್ನು ಸೀಟಿನ ಸ್ಪ್ರಿಂಗಿನೊಳಗೋ ಕಾರ್ಪೆಟ್ಟಿನಡಿಯೋ ತುರುಕಿಬಿಡುತ್ತಿದ್ದರು. ಐವತ್ತು ವರ್ಷದ ನಂತರ ಹಿಂದಿನ ಸೀಟು ಬಿಚ್ಚಿದಾಗ ಇಲಿ ಕಡಿದು ಉಳಿಸಿದ ಅರ್ಧ ಹಾಳೆ ಸಿಕ್ಕಿದರೂ ಮಾಲೀಕ ಧನ್ಯ.

ಷೆವ್ರೊಲೆ ಸ್ಥಿತಿ ಎಲ್ಲಕ್ಕಿಂತ ಕಷ್ಟದ್ದು. ಅಮೆರಿಕದಲ್ಲಿ ಮಾರಿದ ಈ ಕಾಲದ ಷೆವ್ರೊಲೆಗಳಿಗೆ ಒಂದೊಂದು ಕಾರಿನ ಕಾರ್ಖಾನೆ ದಾಖಲೆ ಉಳಿದಿಲ್ಲ, ಆದರೆ ಕೆನಡಾಕ್ಕೆ ಹೋದ ಕಾರುಗಳ ವಿವರವನ್ನು ಜನರಲ್ ಮೋಟರ್ಸ್‌ನ ಕೆನಡಾ ಶಾಖೆ ಜೋಪಾನವಾಗಿ ಇಟ್ಟಿದೆ. ಒಂದೇ ಸಾಲಿನಲ್ಲಿ ತಯಾರಾದ ಅವಳಿ ಷೆವೆಲ್‌ಗಳಲ್ಲಿ ಗಡಿ ದಾಟಿದ್ದಕ್ಕೆ ಪ್ರಮಾಣಪತ್ರ ಸಿಗುತ್ತದೆ, ಮಿಷಿಗನ್‌ನಲ್ಲೇ ಉಳಿದದ್ದಕ್ಕೆ ಸಿಗುವುದಿಲ್ಲ. 1966ರಿಂದ 1968ರವರೆಗಿನ ಎಸ್‌ಎಸ್ 396 ಕಾರಿಗೆ 138 ಎಂಬ ಪ್ರತ್ಯೇಕ ಸಂಖ್ಯೆ ಇತ್ತು. 1969ರಲ್ಲಿ ಎಸ್‌ಎಸ್ ಹೆಚ್ಚುವರಿ ಸೌಲಭ್ಯದ ಪಟ್ಟಿಗೆ ಸೇರಿತು, ಮಾಮೂಲಿ ಷೆವೆಲ್ ಮಲಿಬುವಿಗೂ ಅದಕ್ಕೂ ಸಂಖ್ಯೆಯಲ್ಲಿ ವ್ಯತ್ಯಾಸವೇ ಉಳಿಯಲಿಲ್ಲ. 450 ಅಶ್ವಶಕ್ತಿಯ ಎಲ್‌ಎಸ್6 ಎಂಜಿನ್ 1970ರಲ್ಲಿ 4,475 ಕಾರುಗಳಿಗೆ ಮಾತ್ರ ಬಿತ್ತು. ಅವುಗಳಲ್ಲಿ ಎಷ್ಟು ಉಳಿದಿವೆ ಎಂದು ಸಂಖ್ಯೆಯ ಬಲದಿಂದ ಹೇಳುವ ದಾರಿಯೇ ಇಲ್ಲ.

ಅಪರೂಪದವು

ರೇಸಿಂಗ್ ನಿಯಮಕ್ಕಾಗಿ ತಯಾರಾದ ಕಾರುಗಳ ಲೆಕ್ಕ ಇದಕ್ಕೆ ತೀರ ವಿರುದ್ಧ. ನಾಸ್ಕಾರ್ ಪಂದ್ಯಕ್ಕೆ ಇಳಿಯಬೇಕಾದರೆ 1969ರಲ್ಲಿ ಅದೇ ಮಾದರಿಯ 500 ಕಾರುಗಳನ್ನು ಜನರಿಗೆ ಮಾರಬೇಕಿತ್ತು. ಡಾಡ್ಜ್ 503 ಚಾರ್ಜರ್ ಡೇಟೋನಾಗಳನ್ನು ತಯಾರಿಸಿತು: ಮುಂದೆ ಒಂದೂವರೆ ಅಡಿಯಷ್ಟು ಚಾಚಿದ ಚೂಪು ಮೂತಿ, ಹಿಂದೆ ಸುಮಾರು ಎರಡು ಅಡಿ ಎತ್ತರದ ರೆಕ್ಕೆ. 1970ರ ಮಾರ್ಚ್‌ನಲ್ಲಿ ಟ್ಯಾಲಡೀಗದಲ್ಲಿ ಬಡ್ಡಿ ಬೇಕರ್ ಗಂಟೆಗೆ 200 ಮೈಲಿ ದಾಟಿದ್ದು ಡೇಟೋನಾದಲ್ಲೇ. ಆ ಹೊತ್ತಿಗೆ ನಿಯಮ ಬಿಗಿಯಾಗಿ, ಪ್ಲಿಮತ್ ತನ್ನ ಸೂಪರ್‌ಬರ್ಡ್ ಕಾರನ್ನು 1,900ಕ್ಕೂ ಹೆಚ್ಚು ತಯಾರಿಸಬೇಕಾಯಿತು. ಪಂದ್ಯ ಗೆದ್ದ ಕಾರು ಷೋರೂಮಿನಲ್ಲಿ ಸೋತಿತು. ಎರಡು ವರ್ಷವಾದರೂ ಮಾರಾಟವಾಗದೆ ಕೆಲವು ಡೀಲರುಗಳ ಅಂಗಳದಲ್ಲೇ ಕೂತಿದ್ದವು. ಮೂತಿ, ರೆಕ್ಕೆ ಕಿತ್ತು ಮಾಮೂಲಿ ರೋಡ್ ರನ್ನರ್ ಎಂದು ಸಾಗಹಾಕಿದವರೂ ಇದ್ದಾರೆ. ಹೀಗೆಲ್ಲ ಅವಮಾನಪಟ್ಟ ಸೂಪರ್‌ಬರ್ಡ್‌ಗಳಲ್ಲಿ ಸಾವಿರಕ್ಕೂ ಹೆಚ್ಚು ಇಂದು ಇವೆ, ಅಂದರೆ ಅರ್ಧಕ್ಕಿಂತ ಹೆಚ್ಚು. ಅದೇ ವರ್ಷದ ಮಾಮೂಲಿ ರೋಡ್ ರನ್ನರ್‌ಗೆ ಈ ಭಾಗ್ಯ ಇಲ್ಲ. ವಿಚಿತ್ರವಾಗಿ ಕಂಡದ್ದರಿಂದಲೇ ಅದು ಬದುಕಿತು: ಇದನ್ನು ಗುಜರಿಗೆ ಹಾಕಬಾರದು ಎಂದು ಏನೂ ಗೊತ್ತಿಲ್ಲದವನಿಗೂ ಅನ್ನಿಸುವಂಥ ರೂಪ ಅದರದು. ಸೂಪರ್‌ಬರ್ಡ್‌ಗಳಿಗೆಲ್ಲ ವಿನೈಲ್ ಚಾವಣಿ ಹಾಕಿದ್ದಕ್ಕೂ ಕಾರಣವಿದೆ. ಹಿಂಬದಿಯ ಗಾಜನ್ನು ಬದಲಿಸುವಾಗ ಹಾಕಿದ ಬೆಸುಗೆಯನ್ನು ಉಜ್ಜಿ ನಯ ಮಾಡುವ ಖರ್ಚು ಉಳಿಸಲು ಅದರ ಮೇಲೊಂದು ಹೊದಿಕೆ ಎಳೆದರು. ಇಂದು ಅವನ್ನು ದುರಸ್ತಿಗೆ ತರುವವರು ಮೊದಲು ತಟ್ಟಿ ನೋಡುವುದು ಆ ಹೊದಿಕೆಯ ಅಂಚುಗಳನ್ನೇ.

ಫೋರ್ಡ್ ಇದೇ ನಾಸ್ಕಾರ್ ಕಾರಣಕ್ಕೆ ಬಾಸ್ 429 ಎಂಜಿನ್ನನ್ನು ಮಸ್ಟಾಂಗ್‌ಗೆ ತುರುಕಿತು. ಎಂಜಿನ್ ಎಷ್ಟು ಅಗಲವೆಂದರೆ ಕಾರ್ಖಾನೆಯ ಸಾಲಿನಲ್ಲಿ ಕೂರಿಸಲಾಗದೆ ಮಿಷಿಗನ್‌ನ ಬ್ರೈಟನ್‌ನಲ್ಲಿದ್ದ ಕಾರ್ ಕ್ರಾಫ್ಟ್ ಕಾರ್ಯಾಗಾರಕ್ಕೆ ಕಳಿಸಿ, ಸಸ್ಪೆನ್ಷನ್ ಗೋಪುರಗಳನ್ನು ಆಚೆಗೆ ಸರಿಸಿ ಜೋಡಿಸಬೇಕಾಯಿತು. 1969ರಲ್ಲಿ 859, ಮರುವರ್ಷ 499. ಪ್ರತಿಯೊಂದಕ್ಕೂ ಕೆಕೆ ಎಂದು ಶುರುವಾಗುವ ಸರಣಿ ಸಂಖ್ಯೆಯ ಚೀಟಿಯನ್ನು ಬಾಗಿಲಿಗೆ ಅಂಟಿಸಿದರು. ಒಂದರ ಸುಳ್ಳನ್ನು ಇನ್ನೊಂದು ಬಯಲು ಮಾಡುವಂತೆ ಫೋರ್ಡ್ ಸಂಖ್ಯೆ ಮತ್ತು ಕೆಕೆ ಸಂಖ್ಯೆ ಎರಡೂ ಇರುವುದರಿಂದ ನಕಲಿ ಬಾಸ್ 429 ಮಾಡಿ ದಕ್ಕಿಸಿಕೊಳ್ಳುವುದು ಸುಲಭವಲ್ಲ. ಕ್ಯಾರಲ್ ಶೆಲ್ಬಿ ಮಸ್ಟಾಂಗನ್ನು ಮಾರ್ಪಡಿಸಿ ತಯಾರಿಸಿದ 1965ರ ಜಿಟಿ350 ಕಾರುಗಳು 562. ಅವುಗಳ ಒಂದೊಂದರ ಮಾಲೀಕರ ಸರಣಿಯನ್ನು 1975ರಲ್ಲಿ ಹುಟ್ಟಿದ ಶೆಲ್ಬಿ ಅಮೆರಿಕನ್ ಆಟೊಮೊಬೈಲ್ ಕ್ಲಬ್ ದಪ್ಪ ಪುಸ್ತಕಗಳಲ್ಲಿ ದಾಖಲಿಸುತ್ತ ಬಂದಿದೆ. ಕಾರುಗಳಿಗೆ ಇನ್ನೂ ಬೆಲೆಯೇ ಇಲ್ಲದ ಕಾಲದಲ್ಲಿ ಹವ್ಯಾಸಿಗಳು ಮಾಡಿದ ಈ ಕೆಲಸಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲವೆಂದೇ ಹೇಳಬೇಕು.

ಷೆವ್ರೊಲೆ ಕ್ಯಾಮರೊ ಜೆಡ್‌ಎಲ್1 ಕಥೆ ಒಬ್ಬ ಡೀಲರನ ಸಾಹಸ. ಇಲಿನಾಯ್ ರಾಜ್ಯದ ಲಾ ಹಾರ್ಪ್ ಎಂಬ ಪುಟ್ಟ ಊರಿನ ಫ್ರೆಡ್ ಗಿಬ್, ಅಲ್ಯೂಮಿನಿಯಂನ 427 ಎಂಜಿನ್ ಇರುವ 50 ಕ್ಯಾಮರೊಗಳಿಗೆ ಬೇಡಿಕೆ ಸಲ್ಲಿಸಿದರು. ಕಾರುಗಳು ಬಂದಾಗ ಒಂದೊಂದರ ಬೆಲೆ 7,000 ಡಾಲರ್ ದಾಟಿತ್ತು, ಎಂಜಿನ್ನಿಗೇ 4,160. ಕೊಳ್ಳುವವರಿಲ್ಲದೆ ಬಹಳಷ್ಟನ್ನು ವಾಪಸು ಮಾಡಿದರು, ಕಂಪನಿ ಅವನ್ನು ಬೇರೆ ಬೇರೆ ಡೀಲರುಗಳಿಗೆ ಹಂಚಿತು. ಒಟ್ಟು ತಯಾರಾದದ್ದು 69. ಹಲವು ನೇರವಾಗಿ ಡ್ರ್ಯಾಗ್ ಪಂದ್ಯಕ್ಕೆ ಹೋಗಿ ಮೂಲ ಎಂಜಿನ್ ಕಳೆದುಕೊಂಡವು. ಇಂಥ ಕಾರಿನಲ್ಲಿ ಮೈ ಒಂದು ರಾಜ್ಯದಲ್ಲೂ ಎಂಜಿನ್ ಇನ್ನೊಂದು ರಾಜ್ಯದಲ್ಲೂ ಉಳಿದಿದ್ದರೆ ಉಳಿದದ್ದು ಒಂದು ಕಾರೋ ಅರ್ಧ ಕಾರೋ ಎಂಬ ವಾದ ಸಂಗ್ರಾಹಕರ ನಡುವೆ ಇಂದಿಗೂ ಇದೆ.

1971ರ ಹೆಮಿ 'ಕೂಡಾ' (ಬ್ಯಾರಕೂಡಾ) ಕನ್ವರ್ಟಿಬಲ್‌ಗಳು ಒಟ್ಟು 11, ಹಿಂದಿನ ವರ್ಷದವು 14. ಚಾವಣಿ ತೆರೆಯುವ ಶೋಕಿಯ ಕಾರಿಗೆ ಪಂದ್ಯದ ಎಂಜಿನ್ ಹಾಕಿಸಲು 800 ಡಾಲರಿಗೂ ಹೆಚ್ಚು ತೆರುವ ಮನಸ್ಸು ಆಗ ಎಲ್ಲೋ ಕೆಲವರಿಗಿತ್ತು. 2014ರಲ್ಲಿ ಸಿಯಾಟಲ್‌ನಲ್ಲಿ ನಡೆದ ಮೀಕಮ್ ಹರಾಜಿನಲ್ಲಿ 1971ರದೊಂದು 35 ಲಕ್ಷ ಡಾಲರಿಗೆ ಹೋಯಿತು. ಈ ಮಟ್ಟಕ್ಕೆ ಬಂದ ಕಾರು ಮತ್ತೆ ಕಳೆದುಹೋಗುವುದಿಲ್ಲ. ಅದರ ಓಡಾಟವೂ ಟ್ರೇಲರಿನ ಮೇಲೆ. ಹುಟ್ಟಿದಾಗಲೇ ಈ ಯೋಗ ಪಡೆದದ್ದು 1987ರ ಬ್ಯೂಕ್ ಜಿಎನ್‌ಎಕ್ಸ್. 547 ಕಾರುಗಳಲ್ಲಿ ಹಲವನ್ನು ಕೊಂಡವರು ಸೀಟಿನ ಪ್ಲಾಸ್ಟಿಕ್ ಕೂಡ ತೆಗೆಯದೆ ಶೆಡ್ಡಿಗೆ ತಳ್ಳಿದರು. ಅಷ್ಟರಲ್ಲಿ ಜನಕ್ಕೆ ಪಾಠವಾಗಿತ್ತು.

ಸಾಮಾನ್ಯ ಕಾರುಗಳ ಗತಿ

ಎಂಬತ್ತರ ದಶಕದ ಕೊನೆಯಲ್ಲಿ ಬೆಲೆ ಏರತೊಡಗಿದಾಗ ದುರಸ್ತಿಯ ಭರಾಟೆ ಶುರುವಾಯಿತು. ಆಗ ಹೊಸ ಬಿಡಿಭಾಗಗಳು ಸುಲಭವಾಗಿ ಸಿಗುತ್ತಿರಲಿಲ್ಲ. ಒಂದು ಹೆಮಿ ಅಥವಾ ಎಸ್‌ಎಸ್ ಕಾರನ್ನು ಎಬ್ಬಿಸಿ ನಿಲ್ಲಿಸಲು ಎರಡು ಮೂರು ಮಾಮೂಲಿ ಕಾರುಗಳನ್ನು ಕೊಯ್ಯಬೇಕಿತ್ತು: ಒಂದರಿಂದ ಹಿಂಬದಿಯ ತಗಡು, ಇನ್ನೊಂದರಿಂದ ಬಾಗಿಲು, ಮತ್ತೊಂದರಿಂದ ನೆಲ. ಆರು ಸಿಲಿಂಡರಿನ ಬ್ಯಾರಕೂಡಾ, ಸಣ್ಣ ಎಂಜಿನ್ನಿನ ಮಲಿಬು, ಲೆಮಾನ್ಸ್‌ಗಳು ಹೀಗೆ ಪ್ರಸಿದ್ಧ ಬಂಧುಗಳಿಗೆ ಅಂಗದಾನ ಮಾಡಿ ಮಾಯವಾದವು. ಅಪಘಾತ, ತುಕ್ಕು, ತೈಲ ಬಿಕ್ಕಟ್ಟನ್ನೆಲ್ಲ ದಾಟಿದ ಕಾರುಗಳನ್ನು ಕೊನೆಗೆ ಮುಗಿಸಿದ್ದು ಕಾರುಪ್ರೇಮಿಗಳೇ ಎನ್ನುವುದು ಸಂಗ್ರಾಹಕರಿಗೆ ರುಚಿಸದ ಮಾತು. ಆದರೆ ಅದು ನಿಜ. ಈಗ ಆರು ಸಿಲಿಂಡರಿನ, ಯಾರೂ ಕೈಯಾಡಿಸದ 1970ರ ಚಾಲೆಂಜರ್ ಕಾಣಸಿಕ್ಕರೆ ಹರಾಜಿನವರೇ ಕುತೂಹಲದಿಂದ ಸುತ್ತುಗಟ್ಟುತ್ತಾರೆ.

ಹುಟ್ಟಿದ್ದಕ್ಕಿಂತ ಹೆಚ್ಚು

ಉಳಿದ ಕಾರುಗಳ ಸಂಖ್ಯೆ ವರ್ಷವರ್ಷಕ್ಕೂ ಇಳಿಯಬೇಕು. ಕೆಲವು ಮಾದರಿಗಳಲ್ಲಿ ಏರಿದೆ. ಮಾಮೂಲಿ ಮಲಿಬುವಿಗೆ ಎಸ್‌ಎಸ್ ಲಾಂಛನ, 396 ಎಂಜಿನ್, ಕಪ್ಪು ಪಟ್ಟೆ ಹಾಕಿದರೆ ನೋಡುವ ಕಣ್ಣಿಗೆ ಅದು ಎಸ್‌ಎಸ್. ಮಾಲೀಕ ಪ್ರಾಮಾಣಿಕನಾದರೆ ಅದನ್ನು ಕ್ಲೋನ್ ಅಥವಾ ಟ್ರಿಬ್ಯೂಟ್ ಎಂದು ಹೇಳಿಯೇ ಮಾರುತ್ತಾನೆ. ನಾಲ್ಕನೆಯ ಕೈಗೆ ಹೋಗುವಷ್ಟರಲ್ಲಿ ಆ ಮಾತು ಉದುರಿಹೋಗಿರುತ್ತದೆ. 1969ರ ಕ್ಯಾಮರೊ ಜೆಡ್/28 ತಯಾರಾದದ್ದು 20,302. ಅದರ ನಕಲಿನ ಸುಗ್ಗಿ ಎಷ್ಟೆಂದರೆ ಒಹಾಯೊದ ನಾರ್ವುಡ್ ಕಾರ್ಖಾನೆಯ ತಗಡಿನ ಪಟ್ಟಿಯಲ್ಲಿ ಎಕ್ಸ್33 ಎಂಬ ಸಂಕೇತ ಇದೆಯೇ ಎಂದು ನೋಡದೆ ತಿಳಿದವರು ಮಾತಿಗೇ ಕೂರುವುದಿಲ್ಲ. ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್ ಕಾರ್ಖಾನೆ ಆ ಸಂಕೇತ ಒತ್ತುತ್ತಿರಲಿಲ್ಲ, ಅಲ್ಲಿಯ ಕಾರಿಗೆ ಬೇರೆ ಸಾಕ್ಷಿ ಹುಡುಕಬೇಕು.

ಅಸಲಿಯೋ ನಕಲಿಯೋ ಎಂಬ ತೀರ್ಮಾನ ಕಡೆಗೆ ಬಂದು ನಿಲ್ಲುವುದು ಎಂಜಿನ್ ಬ್ಲಾಕಿನ ಮೇಲೆ. ಷೆವ್ರೊಲೆ ವಿ-8 ಎಂಜಿನ್ನಿನ ಮುಂಭಾಗದಲ್ಲಿ ಬಲಗಡೆ, ಸಿಲಿಂಡರ್ ಹೆಡ್ಡಿನ ಬುಡದಲ್ಲಿ ಎರಡು ಬೆರಳಗಲದ ಒಂದು ಸಮತಟ್ಟು ಜಾಗವಿದೆ. ಕಾರಿನ ಗುರುತಿನ ಸಂಖ್ಯೆಯ ಒಂದು ಭಾಗವನ್ನು, ಎಂಜಿನ್ ತಯಾರಾದ ದಿನವನ್ನು ಅಲ್ಲಿ ಒತ್ತಿರುತ್ತಾರೆ. ಪರೀಕ್ಷಕ ಮೊದಲು ನೋಡುವುದು ಅಂಕಿಗಳನ್ನಲ್ಲ, ಅವುಗಳ ಹಿಂದಿನ ಮೇಲ್ಮೈಯನ್ನು. ಕಾರ್ಖಾನೆಯ ಯಂತ್ರ ಆ ಮುಖವನ್ನು ಹೆರೆದಾಗ ಮೂಡಿದ ಕೂದಲೆಳೆಯಂಥ ಸಮಾನಾಂತರ ಗೀರುಗಳು ಅಂಕಿಗಳ ನಡುವೆಯೂ ತುಂಡಾಗದೆ ಹಾದುಹೋಗಿರಬೇಕು. ಹಳೆಯ ಸಂಖ್ಯೆ ಅಳಿಸಿ ಹೊಸದು ಒತ್ತಿದವನು ಆ ಗೀರುಗಳನ್ನೂ ಅಳಿಸಿರುತ್ತಾನೆ. ಮರಳುಕಾಗದ ಉಜ್ಜಿ ಗೀರು ಮೂಡಿಸಿದರೆ ಅದರ ದಿಕ್ಕೋ ಆಳವೋ ತಪ್ಪುತ್ತದೆ. ಕ್ರೈಸ್ಲರ್ ಕಾರಿನಲ್ಲಿ ಕೆಲಸ ಇಷ್ಟು ಕಷ್ಟವಿಲ್ಲ: 1970 ಮತ್ತು 1971ರ ಗುರುತಿನ ಸಂಖ್ಯೆಯ ಐದನೆಯ ಅಕ್ಷರ ಆರ್ ಆಗಿದ್ದರೆ ಅದು ಹೆಮಿ ಕಾರಾಗಿಯೇ ಹುಟ್ಟಿದ್ದು. ಹಾಗಾಗಿ ಅಲ್ಲಿ ಮೋಸಗಾರರು ಎಂಜಿನ್ ಬಿಟ್ಟು ಸಂಖ್ಯೆಯ ಪಟ್ಟಿಗೇ ಕೈಹಾಕುತ್ತಾರೆ. ಕೊಳೆತ ಹೆಮಿ ಕಾರಿನ ಪಟ್ಟಿ ಕಿತ್ತು ಗಟ್ಟಿಮುಟ್ಟಾದ ಮಾಮೂಲಿ ಕಾರಿಗೆ ಕೂರಿಸುವುದು ಅಮೆರಿಕದಲ್ಲಿ ಜೈಲಿಗೆ ಕಳಿಸಬಲ್ಲ ಅಪರಾಧ.

ಸಿಕ್ಕವು, ಹೋದವು

ಕಳೆದುಹೋದವೆಂದು ಕೈಬಿಟ್ಟ ಕಾರುಗಳು ಮತ್ತೆ ಸಿಗುವುದೂ ಇದೆ, ಅಲ್ಲೂ ಸಂಖ್ಯೆಯದೇ ಆಟ. 1968ರ 'ಬುಲಿಟ್' ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಓಡಿಸಿದ ಹಸಿರು ಮಸ್ಟಾಂಗ್‌ನ ಗುರುತು 8ಆರ್02ಎಸ್125559. ಎಂಟು ಎಂದರೆ 1968, ಆರ್ ಎಂದರೆ ಸ್ಯಾನ್ ಹೊಸೆ ಕಾರ್ಖಾನೆ, 02 ಎಂದರೆ ಫಾಸ್ಟ್‌ಬ್ಯಾಕ್ ಮೈ, ಎಸ್ ಎಂದರೆ 390 ಎಂಜಿನ್. 1974ರಲ್ಲಿ ಇದನ್ನು ಕೊಂಡ ಕುಟುಂಬವೊಂದು ಮನೆಯ ಕಾರಿನಂತೆಯೇ ಬಳಸಿತು. 1977ರಲ್ಲಿ ಸ್ವತಃ ಮೆಕ್ವೀನ್ ಪತ್ರ ಬರೆದು ಕೇಳಿದರೂ ಕೊಡಲಿಲ್ಲ. ಕ್ಲಚ್ ಕೆಟ್ಟ ಮೇಲೆ ದಶಕಗಟ್ಟಲೆ ನಿಂತಿದ್ದು, 2018ರ ಜನವರಿಯಲ್ಲಿ ಡೆಟ್ರಾಯಿಟ್ ಪ್ರದರ್ಶನದಲ್ಲಿ ಪ್ರತ್ಯಕ್ಷವಾಯಿತು. 2020ರ ಜನವರಿಯಲ್ಲಿ ಫ್ಲಾರಿಡಾದ ಕಿಸಿಮ್ಮಿಯಲ್ಲಿ ಶುಲ್ಕವೂ ಸೇರಿ 37.4 ಲಕ್ಷ ಡಾಲರಿಗೆ ಮಾರಾಟವಾಯಿತು. ಚಿತ್ರದ ಸಾಹಸ ದೃಶ್ಯಗಳಿಗೆ ಬಳಸಿದ ಜೋಡಿ ಕಾರು, ಸಂಖ್ಯೆ 558ರಲ್ಲಿ ಮುಗಿಯುವುದು, 2017ರಲ್ಲಿ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ಗುಜರಿಯಾಗಿ ಬಿದ್ದಿತ್ತು. ಪುಡಿಯಾಯಿತೆಂದೇ ನಂಬಿದ್ದ ಶೆಲ್ಬಿಯ 1967ರ ಪ್ರಯೋಗ ಕಾರು 'ಲಿಟ್ಲ್ ರೆಡ್' 2018ರಲ್ಲಿ ಉತ್ತರ ಟೆಕ್ಸಾಸ್‌ನ ಬಯಲೊಂದರಲ್ಲಿ ಸಿಕ್ಕಿತು. ಅಲ್ಲಿಯವರೆಗೆ ಹುಡುಕಿದವರೆಲ್ಲ ಶೆಲ್ಬಿ ಸಂಖ್ಯೆ ಹಿಡಿದು ಹುಡುಕಿದ್ದರು. ಫೋರ್ಡ್ ಸಂಖ್ಯೆ ಹಿಡಿದು ಹುಡುಕಿದಾಗ ಜಾಡು ಸಿಕ್ಕಿತು.

ಅಮೆರಿಕ ಬಿಟ್ಟು ಹೋದ ಕಾರುಗಳೂ ಈ ಲೆಕ್ಕದಲ್ಲಿ ಬರುತ್ತವೆ. ಸ್ವೀಡನ್‌ನಲ್ಲಿ ಹಳೆಯ ಅಮೆರಿಕನ್ ಕಾರುಗಳ ಹುಚ್ಚು ಐವತ್ತರ ದಶಕದಿಂದಲೇ ಇದೆ. ಡಾಲರ್ ಬೆಲೆ ಇಳಿದಾಗಲೆಲ್ಲ ಅಲ್ಲಿಯವರು ಹಡಗು ತುಂಬಾ ಕಾರು ಒಯ್ದಿದ್ದಾರೆ. ಜರ್ಮನಿ, ಆಸ್ಟ್ರೇಲಿಯಾಗಳಿಗೂ ಹೋಗಿವೆ.

ಇತ್ತೀಚಿನ ತೊಡಕು ಹೊಸ ತಗಡಿನದು. ಕ್ಯಾಲಿಫೋರ್ನಿಯಾದ ಡೈನಕಾರ್ನ್ ಕಂಪನಿ 2000ರ ದಶಕದ ನಡುವಿನಿಂದ 1967ರ ಮಸ್ಟಾಂಗ್, 1969ರ ಕ್ಯಾಮರೊಗಳ ಇಡೀ ಮೈಯನ್ನೇ ಹೊಸದಾಗಿ ಅಚ್ಚೊತ್ತಿ ಮಾರುತ್ತಿದೆ. ಇದರಿಂದ ಮಾಮೂಲಿ ಕಾರುಗಳನ್ನು ಕೊಯ್ಯುವುದು ತಗ್ಗಿತು. ಜೊತೆಗೆ, ಹಳೆಯ ಕಾರಿನ ಸಂಖ್ಯೆಯ ಪಟ್ಟಿಯೊಂದನ್ನು ಹೊಸ ಮೈಗೆ ಅಂಟಿಸುವ ಆಸೆಗೂ ದಾರಿಯಾಯಿತು. ಅಮೆರಿಕದ ಸಂಸತ್ತು 2015ರಲ್ಲಿ ಒಪ್ಪಿದ ಕಾನೂನಿನಡಿ, 25 ವರ್ಷ ದಾಟಿದ ಮಾದರಿಗಳ ಪ್ರತಿಕೃತಿಗಳನ್ನು ಸಣ್ಣ ತಯಾರಕರು ವರ್ಷಕ್ಕೆ 325ರವರೆಗೆ ಮಾರಬಹುದು. ಅದಕ್ಕೆ ಬೇಕಾದ ನಿಯಮಗಳು ಬರಲು ಇನ್ನೂ ಹಲವು ವರ್ಷ ಹಿಡಿಯಿತು. ಹೀಗೆ ತಯಾರಾದ ಕಾರಿಗೆ ಹೊಸ ಹದಿನೇಳು ಅಕ್ಷರದ ಗುರುತಿನ ಸಂಖ್ಯೆ, ಇಂದಿನ ಹೊಗೆ ನಿಯಮಕ್ಕೆ ಒಪ್ಪುವ ಎಂಜಿನ್ ಕಡ್ಡಾಯ. ರೂಪ 1969ರದಾದರೂ ಕಾನೂನಿನ ಲೆಕ್ಕದಲ್ಲಿ ಅದು ಈ ಶತಮಾನದ ಕಾರು, ಉಳಿದವುಗಳ ಪಟ್ಟಿಗೆ ಸೇರುವುದಿಲ್ಲ.